ಶರಣಾಗತನೂ ಅವನ ಮಾತ್ರೆಯೂ

ಯುದ್ಧವೆಂದೊಡನೆ ನಮ್ಮ ಮನಸ್ಸು ಸಿಡಿಗುಂಡು, ಉರಿಯುವ ಊರು, ಕುಸಿದ ಮನೆ, ಮಡಿದ ಯೋಧ ಇವುಗಳ ಕಡೆಗೆ ಓಡುವುದು. ಇವು ಕಣ್ಣಿಗೆ ಕಾಣುವ ಅನರ್ಥಗಳು. ಆದರೆ ಯುದ್ಧವು ಮನುಷ್ಯನನ್ನು ಕೊಲ್ಲುವ ಮತ್ತೊಂದು ವಿಧಾನವುಂಟು. ಅದಕ್ಕೆ ಸದ್ದಿಲ್ಲ, ಹೊಗೆಯಿಲ್ಲ. ದಿನಕ್ಕೊಂದು ಮಾತ್ರೆಯನ್ನು ನುಂಗಿ ಆರೋಗ್ಯದಿಂದಿರುವವನೊಬ್ಬನನ್ನು ಅವನ ಊರಿನಿಂದ ಓಡಿಸಿ, ಆ ಮಾತ್ರೆ ಕೈಗೆ ಸಿಗದಂತೆ ಮಾಡಿದರೆ ಸಾಕು. ಗುಂಡಿನಿಂದ ತಪ್ಪಿಸಿಕೊಂಡು ಬಂದವನು ನೆರೆಯ ದೇಶದ ನೆರಳಿನಲ್ಲಿ ಕುಳಿತೇ ಸವೆದುಹೋಗುವನು. ಎಚ್.ಐ.ವಿ. ಸೋಂಕುಳ್ಳ ಯುದ್ಧನಿರಾಶ್ರಿತರ ಸ್ಥಿತಿ ಇಂಥದು. ಅವರನ್ನು ಬರಮಾಡಿಕೊಂಡ ದೇಶದ ಧರ್ಮವೇನು, ಆ ದೇಶದಲ್ಲಿ ಮನೆಮಾಡಿಕೊಂಡಿರುವ ನಮ್ಮಂಥ ಗೃಹಸ್ಥರ ಧರ್ಮವೇನು, ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇವೆ.

ಮೊದಲು ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿದುಕೊಳ್ಳೋಣ. ಎಚ್.ಐ.ವಿ. ಎಂಬುದು ಅತಿಸೂಕ್ಷ್ಮವಾದ ಒಂದು ವೈರಾಣು. ಪ್ಯಾರಿಸ್ ನಗರದ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ೧೯೮೩ರಲ್ಲಿ ಇದನ್ನು ಕಂಡುಹಿಡಿದರು. ನಮ್ಮ ದೇಶದಲ್ಲಿ ಇದು ಮೊದಲು ಪತ್ತೆಯಾದುದು ೧೯೮೬ರಲ್ಲಿ, ಮದರಾಸಿನಲ್ಲಿ. ಇದು ರಕ್ತದಲ್ಲಿರುವ ರಕ್ಷಕಕಣಗಳನ್ನೇ ಹೊಕ್ಕು ಅವುಗಳನ್ನು ನಾಶಮಾಡುವುದು. ಕೋಟೆಯ ಕಾವಲುಗಾರರೇ ಸತ್ತಮೇಲೆ ಯಾವ ಶತ್ರುವಾದರೂ ಒಳಗೆ ನುಗ್ಗಬಹುದಷ್ಟೆ. ಹಾಗೆಯೇ ಬೇರೆ ಬೇರೆ ರೋಗಗಳು, ಅವುಗಳಲ್ಲಿಯೂ ಮುಖ್ಯವಾಗಿ ಕ್ಷಯರೋಗವು, ಅಂಥ ದೇಹವನ್ನು ಆಕ್ರಮಿಸುವುವು. ಆ ಕೊನೆಯ ಅವಸ್ಥೆಗೆ ಏಡ್ಸ್ ಎಂದು ಹೆಸರು. ಈ ಸೋಂಕು ಹರಡುವುದು ಸ್ತ್ರೀಪುರುಷ ಮೊದಲಾದವರ ಶರೀರಸಂಬಂಧದಿಂದ, ಸೋಂಕುಳ್ಳ ರಕ್ತದಿಂದ, ಒಬ್ಬರು ಚುಚ್ಚಿಕೊಂಡ ಸೂಜಿಯನ್ನು ಇನ್ನೊಬ್ಬರು ಬಳಸುವುದರಿಂದ, ಮತ್ತು ತಾಯಿಯಿಂದ ಮಗುವಿಗೆ. ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದಾಗಲಿ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದಾಗಲಿ, ಮುಟ್ಟುವುದರಿಂದಾಗಲಿ, ಒಂದೇ ಬಚ್ಚಲನ್ನು ಉಪಯೋಗಿಸುವುದರಿಂದಾಗಲಿ, ಸೊಳ್ಳೆಯ ಕಡಿತದಿಂದಾಗಲಿ ಇದು ಹರಡುವುದಿಲ್ಲ. ಗೃಹಿಣಿಯರು ಇದನ್ನು ಚೆನ್ನಾಗಿ ನೆನಪಿನಲ್ಲಿಟ್ಟುಕೊಳ್ಳಬೇಕು. ಏತಕ್ಕೆಂದರೆ, ಅನೇಕ ನಿರ್ದೋಷಿಗಳು ಮನೆಯಿಂದ ಹೊರಗೆ ಬಿದ್ದುದು ಈ ಸುಳ್ಳು ಭಯಗಳಿಂದಲೇ.

ರೋಗವನ್ನು ಸಮೂಲವಾಗಿ ಕೀಳುವ ಔಷಧವು ಜನಸಾಮಾನ್ಯರ ಕೈಗೆ ಇನ್ನೂ ಬಂದಿಲ್ಲ. ಆದರೆ ಅದನ್ನು ಕಟ್ಟಿಹಾಕುವ ಔಷಧವು ಬಂದಿರುವುದು. ಮೂರು ಮದ್ದುಗಳನ್ನು ಒಟ್ಟಿಗೆ ಕೊಟ್ಟರೆ ವೈರಾಣುವು ತಲೆಯೆತ್ತಲಾರದೆಂಬುದು ೧೯೯೬ರಲ್ಲಿ ಲೋಕಕ್ಕೆ ಸ್ಪಷ್ಟವಾಯಿತು. ಆಗ ಅದರ ಬೆಲೆ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರುಗಳಿಗೂ ಮೇಲ್ಪಟ್ಟಿತ್ತು. ೨೦೦೧ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪೆನಿಯು, ಬಡದೇಶಗಳಲ್ಲಿ ಸೇವೆಮಾಡುತ್ತಿದ್ದ ವೈದ್ಯಸಂಘಕ್ಕೆ ಅದೇ ಔಷಧವನ್ನು ವರ್ಷಕ್ಕೆ ಮುನ್ನೂರೈವತ್ತು ಡಾಲರುಗಳಿಗೆ, ಎಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ, ಕೊಡುವೆನೆಂದು ಮುಂದೆಬಂದಿತು. ಭಾರತ ಸರಕಾರವು ೨೦೦೪ನೆಯ ಇಸವಿ ಏಪ್ರಿಲ್ ಒಂದನೆಯ ತಾರೀಖಿನಿಂದ ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿಯೂ ದೆಹಲಿಯಲ್ಲಿಯೂ ಇದನ್ನು ಉಚಿತವಾಗಿ ಕೊಡಲು ಆರಂಭಿಸಿತು. ಈಗ ಮೂರು ಮದ್ದುಗಳೂ ಒಂದೇ ಮಾತ್ರೆಯಲ್ಲಿ ಅಡಕವಾಗಿವೆ. ಅದನ್ನು ತಪ್ಪದೆ ಸೇವಿಸಿದವನು ಇತರರಂತೆಯೇ ದೀರ್ಘಕಾಲ ಬಾಳಬಲ್ಲನು. ಅಷ್ಟೇ ಅಲ್ಲ, ಅವನ ರಕ್ತದಲ್ಲಿ ವೈರಾಣುವು ಪರೀಕ್ಷೆಗೂ ಸಿಕ್ಕದಷ್ಟು ಅಡಗಿದಮೇಲೆ, ಶರೀರಸಂಬಂಧದಿಂದ ಅವನು ಇನ್ನೊಬ್ಬರಿಗೆ ಸೋಂಕನ್ನು ದಾಟಿಸುವುದಿಲ್ಲವೆಂಬುದೂ ಸಿದ್ಧವಾಗಿದೆ. ಚಿಕಿತ್ಸೆಯಿಲ್ಲದ ತಾಯಂದಿರಲ್ಲಿ ನೂರಕ್ಕೆ ಹದಿನೈದರಿಂದ ನಲವತ್ತೈದರವರೆಗೆ ಮಕ್ಕಳಿಗೆ ಸೋಂಕು ತಗಲುವುದುಂಟು. ಸರಿಯಾದ ಚಿಕಿತ್ಸೆಯಿದ್ದರೆ ಅದು ಐದಕ್ಕಿಂತಲೂ ಕೆಳಗಿಳಿಯುವುದು.

ಇಷ್ಟೆಲ್ಲ ಫಲವೂ 'ತಪ್ಪದೆ' ಎಂಬ ಒಂದು ಮಾತಿನ ಮೇಲೆ ನಿಂತಿರುವುದು. ನಾವು ಬಹುಕಾಲ ಪಾಠಶಾಲೆಯಲ್ಲಿ ಹಾಜರಿ ಪುಸ್ತಕವನ್ನು ಬರೆದವರು. ಹತ್ತು ದಿನ ಬಾರದ ಹುಡುಗನಿಗೆ ತಪ್ಪಿಹೋದ ಪಾಠವನ್ನು ಮತ್ತೆ ಹೇಳಿಕೊಡಬಹುದು. ಈ ಮದ್ದಿನಲ್ಲಿ ಹಾಗಿಲ್ಲ. ನಿಲ್ಲಿಸಿದರೆ ಕೆಲವು ವಾರಗಳಲ್ಲಿಯೇ ವೈರಾಣುವು ಮತ್ತೆ ಹೆಚ್ಚುವುದು. ಒಂದು ದಿನ ನುಂಗಿ ನಾಲ್ಕು ದಿನ ಬಿಟ್ಟರೆ ಇನ್ನೂ ಕೇಡು. ವೈರಾಣುವು ಆ ಮದ್ದಿಗೆ ಒಗ್ಗಿಕೊಂಡು, ಆಮೇಲೆ ಅದೇ ಮದ್ದನ್ನು ಎಷ್ಟು ಕೊಟ್ಟರೂ ನಾಟದಂತಾಗುವುದು. ಆದುದರಿಂದ ಈ ಚಿಕಿತ್ಸೆಯನ್ನು ಒಂದು ದಾರವೆಂದು ಭಾವಿಸಬೇಕು. ಯುದ್ಧವು ಮೊದಲು ಕಡಿಯುವುದು ಈ ದಾರವನ್ನೇ.

ಇದಕ್ಕೆ ಈಚಿನ ದೊಡ್ಡ ನಿದರ್ಶನವು ಉಕ್ರೇನ್ ದೇಶದ್ದು. ೨೦೨೨ರ ಫೆಬ್ರವರಿ ೨೪ರಂದು ರಷ್ಯದ ಸೈನ್ಯವು ಆ ದೇಶದ ಮೇಲೆ ಬಿದ್ದಿತು. ನಮ್ಮ ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿಯೊಬ್ಬನು ಮಾರ್ಚ್ ಒಂದರಂದು ಖಾರ್ಕಿವ್ ನಗರದಲ್ಲಿ ಪ್ರಾಣಬಿಟ್ಟ ದುಃಖವಾರ್ತೆಯನ್ನು ವಾಚಕರು ಮರೆತಿರಲಾರರು. ಆ ಸಮಯಕ್ಕೆ ಉಕ್ರೇನಿನಲ್ಲಿ ಎಚ್.ಐ.ವಿ. ಸೋಂಕುಳ್ಳವರು ಸುಮಾರು ೨,೬೦,೦೦೦ ಮಂದಿ. ಅವರಲ್ಲಿ ನಿತ್ಯವೂ ಔಷಧ ಸೇವಿಸುತ್ತಿದ್ದವರು ಸುಮಾರು ೧,೫೨,೦೦೦ ಮಂದಿ ಎಂದು ವಿಶ್ವಸಂಸ್ಥೆಯ ಏಡ್ಸ್ ವಿಭಾಗವು ಆಗ ತಿಳಿಸಿತ್ತು. ಪ್ರಾಯದ ಗಂಡಸರು ಗಡಿ ದಾಟಬಾರದೆಂಬ ನಿಯಮವಿದ್ದುದರಿಂದ ಹೊರಟುಬಂದವರಲ್ಲಿ ಬಹುಮಂದಿ ಹೆಂಗಸರು, ಮಕ್ಕಳು. ಅವಸರದಲ್ಲಿ ಮನೆ ಬಿಟ್ಟವರು ಒಂದು ಚೀಲದಲ್ಲಿ ಎಷ್ಟು ದಿನದ ಮಾತ್ರೆಯನ್ನು ತಂದಾರು?

ಆಗ ಪೋಲೆಂಡ್ ಮೊದಲಾದ ದೇಶಗಳು ನಡೆದುಕೊಂಡ ರೀತಿಯನ್ನು ಗಮನಿಸಬೇಕು. ಯೂರೋಪಿನ ಒಕ್ಕೂಟವು ೨೦೨೨ರ ಮಾರ್ಚ್ ೪ರಂದು, ೨೦೦೧ರಿಂದ ಪುಸ್ತಕದಲ್ಲಿಯೇ ಉಳಿದಿದ್ದ 'ತಾತ್ಕಾಲಿಕ ರಕ್ಷಣೆ'ಯ ನಿಯಮವನ್ನು ಮೊದಲ ಬಾರಿಗೆ ಜಾರಿಗೆ ತಂದಿತು. ಬಂದವರಿಗೆ ವಾಸದ ಹಕ್ಕಿನೊಡನೆ ವೈದ್ಯದ ಹಕ್ಕೂ ಅದರಿಂದ ದೊರೆಯಿತು. ಆದರೂ ತೊಡಕುಗಳು ಇಲ್ಲದಿರಲಿಲ್ಲ. ಉಕ್ರೇನಿನಲ್ಲಿ ಬಹುಮಂದಿ ಸೇವಿಸುತ್ತಿದ್ದುದು ಡೊಲ್ಯುಟೆಗ್ರಾವಿರ್ ಎಂಬ ಮದ್ದು ಸೇರಿದ, ಅಗ್ಗವಾದ ಒಂದೇ ಮಾತ್ರೆ. ಬಂದು ಸೇರಿದ ದೇಶಗಳಲ್ಲಿ ಬಳಕೆಯಲ್ಲಿದ್ದುದು ಬೇರೆ ಬೇರೆ ಜೋಡಣೆಯ, ಹೆಚ್ಚು ಬೆಲೆಯ ಮಾತ್ರೆಗಳು. ಮಾತ್ರೆಯ ಬಣ್ಣ ಬೇರೆ, ಹೆಸರು ಬೇರೆ, ಚೀಟಿಯ ಭಾಷೆ ಬೇರೆ. ಇದಕ್ಕಿಂತಲೂ ದೊಡ್ಡ ತೊಡಕು ನಾಚಿಕೆ. ನೂರು ಮಂದಿ ಸಾಲಾಗಿ ಮಲಗಿರುವ ಛತ್ರದಲ್ಲಿ ತಾಯಿಯೊಬ್ಬಳು ಮಾತ್ರೆಯ ಶೀಶೆಯನ್ನು ಯಾರೂ ಕಾಣದಂತೆ ಹೇಗೆ ತೆರೆದಾಳು? ಪಕ್ಕದವಳು 'ಅದೇನಮ್ಮ ಮದ್ದು?' ಎಂದು ಕೇಳಿದರೆ ಏನು ಹೇಳಿಯಾಳು? ಹೇಳಿ ಹೊರಬೀಳುವುದಕ್ಕಿಂತ ಆ ದಿನ ನುಂಗದಿರುವುದೇ ಮೇಲೆಂದು ತೋರಿದರೆ ಆಶ್ಚರ್ಯವಿಲ್ಲ. ಮದ್ದು ಕೈಯಲ್ಲಿದ್ದೂ ದಾರವು ಕಡಿಯುವುದು ಹೀಗೆ.

ಎಲ್ಲಿಯ ಉಕ್ರೇನ್, ಎಲ್ಲಿಯ ಮೈಸೂರು ಎಂದು ವಾಚಕರು ಕೇಳಬಹುದು. ಆದರೆ ಯುದ್ಧದಿಂದ ಓಡಿಬಂದವರನ್ನು ಸಾಕುವ ಕೆಲಸವೂ, ಜನರು ಹೆದರುವ ರೋಗಕ್ಕೆ ಬಾಗಿಲು ತೆರೆಯುವ ಕೆಲಸವೂ ಮೈಸೂರಿಗೆ ಹೊಸವಲ್ಲ. ಒಂದೊಂದಾಗಿ ನೋಡೋಣ.

೧೯೫೯ರ ಮಾರ್ಚ್ ತಿಂಗಳಲ್ಲಿ ಲ್ಹಾಸಾ ನಗರದ ದಂಗೆಯನ್ನು ಚೀನಾ ಸೈನ್ಯವು ಅಡಗಿಸಿತು. ದಲಾಯಿಲಾಮಾ ಅವರು ಅದೇ ತಿಂಗಳ ಕೊನೆಯ ದಿನ ಭಾರತದ ನೆಲವನ್ನು ಮುಟ್ಟಿದರು. ಅವರ ಹಿಂದೆ ಸಾವಿರಾರು ಮಂದಿ ಹಿಮಾಲಯವನ್ನು ದಾಟಿ ಬಂದರು. ಆಗಿನ ಮೈಸೂರು ಸರಕಾರವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು ಮೂರು ಸಾವಿರ ಎಕರೆ ಕಾಡುಭೂಮಿಯನ್ನು ಅವರಿಗೆ ಬಿಟ್ಟುಕೊಟ್ಟಿತು. ೧೯೬೦ರ ಕೊನೆಯಲ್ಲಿ ಮೊದಲ ತಂಡವು ಅಲ್ಲಿ ಬಂದಿಳಿಯಿತು. ಆಮೇಲೆ ೧೯೬೬ರಲ್ಲಿ ಮುಂಡಗೋಡಿನಲ್ಲಿಯೂ, ಮುಂದೆ ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲಿಯೂ ಅವರ ನೆಲಸುನಾಡುಗಳಾದುವು. ಹಿಮದ ಸೀಮೆಯವರು ಈ ಬಿಸಿಲಿನಲ್ಲಿ, ಆನೆಗಳ ಹಾವಳಿಯ ನಡುವೆ, ಕಾಡು ಕಡಿದು ಜೋಳ ಬಿತ್ತಿದರು. ಅವರನ್ನು ಆನೆಗಿಂತಲೂ ಹೆಚ್ಚಾಗಿ ಕಾಡಿದುದು ರೋಗ; ಅದರಲ್ಲಿಯೂ ಮುಖ್ಯವಾದುದು ಎಚ್.ಐ.ವಿ.ಯಲ್ಲ, ನಮ್ಮ ಆಯುರ್ವೇದದ ಹಿರಿಯರು ರಾಜಯಕ್ಷ್ಮವೆಂದು ಕರೆದ ಕ್ಷಯ.

ಕ್ಷಯಕ್ಕೂ ಎಚ್.ಐ.ವಿ.ಗೂ ಸಾಮ್ಯವುಂಟೆಂಬುದರಿಂದ ಇದನ್ನು ಇಲ್ಲಿ ಹೇಳುತ್ತಿದ್ದೇವೆ. ಕ್ಷಯದ ಮದ್ದನ್ನೂ ಕಡಿಮೆಯೆಂದರೆ ತಿಂಗಳುಗಟ್ಟಲೆ ಬಿಡದೆ ಸೇವಿಸಬೇಕು. ನಡುವೆ ಬಿಟ್ಟರೆ ರೋಗವು ಮದ್ದಿಗೆ ಜಗ್ಗದಂತಾಗುವುದು. ಕ್ಷಯರೋಗಿಯೂ ಒಂದು ಕಾಲದಲ್ಲಿ ಮನೆಯವರಿಂದಲೇ ದೂರವಾದವನು. ಟಿಬೆಟ್ಟಿನವರಲ್ಲಿ ಈ ರೋಗವು ಭಾರತದ ಇತರ ಜನರಲ್ಲಿರುವುದಕ್ಕಿಂತ ಹೆಚ್ಚಾಗಿತ್ತು. ಮದ್ದಿಗೆ ಜಗ್ಗದ ಕ್ಷಯವೂ ಅವರಲ್ಲಿ ಕಾಣಿಸಿಕೊಂಡಿತು. ಇದನ್ನು ಎದುರಿಸಿದುದು ಹೇಗೆ? ಅವರ ನೆಲಸುನಾಡಿನೊಳಗೇ ಅವರ ಆಸ್ಪತ್ರೆಗಳಾದುವು. ಅವರ ಭಾಷೆಯನ್ನಾಡುವ ದಾದಿಯರು ಸಿದ್ಧರಾದರು. ಆ ಆಸ್ಪತ್ರೆಗಳಿಗೂ ಸರಕಾರದ ಕ್ಷಯನಿವಾರಣ ಕಾರ್ಯಕ್ಕೂ ಸಂಬಂಧ ಏರ್ಪಟ್ಟಿತು. ೨೦೧೭ರಿಂದ ಹಿಮಾಚಲದ ಟಿಬೆಟನ್ ಶಾಲೆಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರೋಗವು ಹೊರಬೀಳುವುದಕ್ಕೆ ಮುಂಚೆಯೇ ಮಕ್ಕಳನ್ನೆಲ್ಲ ಪರೀಕ್ಷಿಸಿ, ದೇಹದಲ್ಲಿ ಅಡಗಿರುವ ಸೋಂಕಿಗೆ ಮದ್ದು ಕೊಡುವ ಏರ್ಪಾಡಾಯಿತು. ಬಂದವನನ್ನು ಅವನ ಜನರ ನಡುವೆ, ಅವನ ಭಾಷೆಯಲ್ಲಿ, ದೇಶದ ಸಾಮಾನ್ಯ ವೈದ್ಯವ್ಯವಸ್ಥೆಯ ಒಳಗೇ ಇಟ್ಟುಕೊಂಡು ಉಪಚರಿಸಬೇಕು. ಇದು ಬೈಲಕುಪ್ಪೆಯ ಪಾಠ.

ಇನ್ನು ಮೈಸೂರು ನಗರದ ಮಾತು. ಶತಮಾನಕ್ಕೂ ಹಿಂದೆ ಇಲ್ಲಿಯ ಅರಮನೆಯನ್ನೇ ಕ್ಷಯವು ಹೊಕ್ಕು ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರನ್ನು ಬಲಿತೆಗೆದುಕೊಂಡಿತು. ಅವರ ಸೋದರರಾದ ನಾಲ್ವಡಿ ಕೃಷ್ಣರಾಜ ಒಡೆಯರವರು ಆಕೆಯ ಹೆಸರಿನಲ್ಲಿ ಕ್ಷಯರೋಗಿಗಳಿಗೆ ಆರೋಗ್ಯಧಾಮವನ್ನು ಕಟ್ಟಿಸಿದರು. ಕ್ಷಯಕ್ಕೆ ನಾಟುವ ಔಷಧವಿಲ್ಲದ ಕಾಲವದು. ಗಾಳಿ, ಬೆಳಕು, ಆಹಾರ, ಆದರ ಇಷ್ಟೇ ಚಿಕಿತ್ಸೆ. ಎಚ್.ಐ.ವಿ. ಬಂದ ಮೊದಲ ವರ್ಷಗಳಲ್ಲಿಯೂ ಸ್ಥಿತಿಯು ಹಾಗೆಯೇ ಇದ್ದಿತು. ಸೋಂಕುಳ್ಳವರನ್ನು ಮುಟ್ಟಲು ವೈದ್ಯರೇ ಹಿಂಜರಿಯುತ್ತಿದ್ದ ಆ ದಿನಗಳಲ್ಲಿ, ೧೯೯೭ರಲ್ಲಿ, ಮೈಸೂರಿನಲ್ಲಿ ಆಶಾಕಿರಣವೆಂಬ ಧರ್ಮಾಸ್ಪತ್ರೆಯು ಅವರಿಗಾಗಿ ಪ್ರಾರಂಭವಾಯಿತು. ಸರಕಾರದ ಉಚಿತ ಔಷಧವು ದೊರೆಯಲು ಇನ್ನೂ ಏಳು ವರ್ಷಗಳಿದ್ದುವು. ಮುಂದೆ ನಮ್ಮ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿಯೂ ಈ ಚಿಕಿತ್ಸಾಕೇಂದ್ರವು ತೆರೆಯಿತು.

೨೦೦೪ರಲ್ಲಿ ಇಲ್ಲಿಯೇ ಆರಂಭವಾದ ಆಶೋದಯವೆಂಬ ಕಾರ್ಯವನ್ನೂ ಹೇಳಬೇಕು. ಸಮಾಜವು ಹೊರಗಿಟ್ಟ, ದೇಹವನ್ನು ಮಾರಿ ಬದುಕುವ ಹೆಂಗಸರೂ ಇತರರೂ ತಾವೇ ಸಂಘಕಟ್ಟಿಕೊಂಡು, ತಮ್ಮವರನ್ನು ತಾವೇ ಆಸ್ಪತ್ರೆಗೆ ಕರೆದೊಯ್ಯುವ ಕಾರ್ಯವದು. ಸದ್ಗೃಹಸ್ಥರ ಪತ್ರಿಕೆಯಲ್ಲಿ ಇವರ ಮಾತೇಕೆಂದು ಮುಖ ತಿರುಗಿಸುವುದು ಉಚಿತವಲ್ಲ. ಹೆದರಿದವನನ್ನು ವೈದ್ಯನ ಬಾಗಿಲಿಗೆ ಕರೆತರುವವನು ಹೆದರಿಕೆಯನ್ನು ತಾನೂ ಕಂಡವನೇ ಆಗಿರಬೇಕೆಂಬ ಸತ್ಯವನ್ನು ಅವರು ತೋರಿಸಿಕೊಟ್ಟರು. ನಿರಾಶ್ರಿತರ ವಿಷಯದಲ್ಲಿಯೂ ಇದೇ ನ್ಯಾಯ: ಮೊದಲು ಬಂದು ನೆಲಸಿದವನೇ ಹಿಂದೆ ಬಂದವನಿಗೆ ದುಭಾಷಿ, ಬಂಧು, ದಾರಿತೋರುವವನು.

ಊರಿಲ್ಲದವರು ಮದ್ದನ್ನು ಕ್ರಮವಾಗಿ ಸೇವಿಸಲಾರರು, ಅವರಿಗೆ ಕೊಟ್ಟ ಮದ್ದು ವ್ಯರ್ಥ, ಎಂಬ ವಾದವೊಂದಿತ್ತು. ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯು ೨೦೦೭ರಲ್ಲಿ, ನಿರಾಶ್ರಿತರಿಗೂ ಈ ಚಿಕಿತ್ಸೆ ದೊರೆಯತಕ್ಕದ್ದೆಂಬ ನೀತಿಯನ್ನು ಪ್ರಕಟಿಸಿತು. ಅನಂತರ ಮಲೇಷ್ಯದ ಕೌಲಾಲಂಪುರದಲ್ಲಿ, ಮುಖ್ಯವಾಗಿ ಬರ್ಮಾ ದೇಶದಿಂದ ಓಡಿಬಂದ ನಿರಾಶ್ರಿತ ರೋಗಿಗಳನ್ನೂ ಆ ದೇಶದವರೇ ಆದ ರೋಗಿಗಳನ್ನೂ ಹೋಲಿಸಿ ನೋಡಿದರು. ಮದ್ದು ದೊರೆತಲ್ಲಿ ಎರಡು ತಂಡಗಳವರಲ್ಲಿಯೂ ವೈರಾಣುವು ಸರಿಸುಮಾರು ಒಂದೇ ಪ್ರಮಾಣದಲ್ಲಿ ಅಡಗಿದ್ದಿತು. ಕೊರತೆಯು ನಿರಾಶ್ರಿತನ ಸ್ವಭಾವದಲ್ಲಿಲ್ಲ, ಅವನಿಗೆ ಒದಗುವ ಏರ್ಪಾಡಿನಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ನಮ್ಮ ದೇಶದ ಕಾನೂನು ಏನೆನ್ನುವುದು? ನಿರಾಶ್ರಿತರನ್ನು ಕುರಿತ ೧೯೫೧ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವು ಸಹಿಹಾಕಿಲ್ಲ. ಆದರೆ ನಮ್ಮ ಸಂವಿಧಾನದ ೨೧ನೆಯ ವಿಧಿಯು ಪ್ರಾಣರಕ್ಷಣೆಯ ಮಾತನ್ನಾಡುವಾಗ 'ಪ್ರಜೆ' ಎಂಬ ಶಬ್ದವನ್ನು ಬಳಸದೆ 'ವ್ಯಕ್ತಿ' ಎಂಬ ಅರ್ಥದ ಶಬ್ದವನ್ನೇ ಬಳಸಿದೆ. ಅರುಣಾಚಲದ ಚಕ್ಮಾ ನಿರಾಶ್ರಿತರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿ, ಈ ರಕ್ಷಣೆ ಪ್ರಜೆಗೂ ಪರದೇಶಿಗೂ ಸಮಾನವೆಂದು ಹೇಳಿತು. ಹಾಗೆಯೇ ಪಾರ್ಲಿಮೆಂಟು ೨೦೧೭ರಲ್ಲಿ ಮಾಡಿದ, ೨೦೧೮ರ ಸೆಪ್ಟೆಂಬರ್ ೧೦ರಿಂದ ಜಾರಿಗೆ ಬಂದ ಎಚ್.ಐ.ವಿ. ಕಾಯಿದೆಯೂ ಸೋಂಕುಳ್ಳ 'ವ್ಯಕ್ತಿ'ಯನ್ನೇ ರಕ್ಷಿಸುವುದು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಕೂಡದು. ತಿಳಿದುದನ್ನು ಹೊರಗೆ ಹೇಳಕೂಡದು. ಉದ್ಯೋಗ, ಶಾಲೆ, ಚಿಕಿತ್ಸೆ, ಬಾಡಿಗೆಯ ಮನೆ ಇವುಗಳಲ್ಲಿ ಭೇದವೆಣಿಸಕೂಡದು ಎಂದು ಅದು ವಿಧಿಸಿದೆ. ವಿಧಿಯಿದ್ದ ಮಾತ್ರಕ್ಕೆ ಕೆಲಸವಾಯಿತೆಂದು ನಾವು ತಿಳಿಯಬಾರದು. ಮನೆಯೊಡನೆ ಗುರುತಿನ ಕಾಗದಗಳನ್ನೂ ಸುಟ್ಟುಕೊಂಡು ಬಂದವನನ್ನು, ಕಾಗದ ತಂದಮೇಲೆ ಮದ್ದು ಎಂದು ಹಿಂದಕ್ಕೆ ಕಳುಹಿಸಿದರೆ, ಕಾಯಿದೆಯು ಕಪಾಟಿನಲ್ಲಿಯೇ ಉಳಿಯುವುದು. ಮದ್ದು ಮೊದಲು, ಕಾಗದ ಆಮೇಲೆ, ಎಂಬುದೇ ಸರಿಯಾದ ಕ್ರಮವೆಂದು ನಮ್ಮ ಮತ.

'ನಮ್ಮ ಬಡವರಿಗೇ ಸಾಲದು. ಪರರಿಗೆ ಎಲ್ಲಿಂದ ತರುವುದು?' ಎಂದು ಕೇಳುವವರುಂಟು. ಪ್ರಶ್ನೆಯು ತುಚ್ಛವಾದುದಲ್ಲ. ಶಿಬಿಚಕ್ರವರ್ತಿಯ ಕಥೆಯನ್ನು ಮಕ್ಕಳೂ ಬಲ್ಲರು. ಶರಣುಬಂದ ಪಾರಿವಾಳವನ್ನು ಅವನು ರಕ್ಷಿಸಿದನೆಂಬುದನ್ನು ಮಾತ್ರ ನಾವು ನೆನೆಯುವೆವು. ಹಸಿದ ಗಿಡುಗನ ವಾದವನ್ನೂ ಅವನು ತಳ್ಳಿಹಾಕಲಿಲ್ಲವೆಂಬುದನ್ನು ಮರೆಯುವೆವು. ಇಬ್ಬರ ಹಕ್ಕನ್ನೂ ಒಪ್ಪಿ, ಭಾರವನ್ನು ತಾನು ಹೊತ್ತನು. ಈ ವಿಷಯದಲ್ಲಿಯಾದರೋ ನಮ್ಮ ಮೇಲೆ ಬೀಳುವ ಭಾರವು ಅಷ್ಟು ಕಠಿಣವಾದುದಲ್ಲ. ಬಡದೇಶಗಳಲ್ಲಿ ಸೇವಿಸುವ ಈ ಮಾತ್ರೆಗಳ ಬಹುಭಾಗವು ಸಿದ್ಧವಾಗುವುದು ನಮ್ಮ ಭಾರತದ ಕಾರ್ಖಾನೆಗಳಲ್ಲಿಯೇ. ಮದ್ದು ಸೇವಿಸುವವನಿಂದ ಸೋಂಕು ದಾಟುವುದಿಲ್ಲವಾದ್ದರಿಂದ, ನಿರಾಶ್ರಿತನಿಗೆ ಕೊಟ್ಟ ಮಾತ್ರೆಯು ನಮ್ಮ ಊರಿನವರನ್ನೂ ಕಾಯುವುದು. ಇಲ್ಲಿ ಧರ್ಮವೂ ಸ್ವಹಿತವೂ ಒಂದೇ ದಾರಿಯಲ್ಲಿ ನಡೆಯುತ್ತಿವೆ.

ಇನ್ನು ಗೃಹಸ್ಥರಾದ ನಾವು ಮಾಡತಕ್ಕದ್ದೇನು? ಯುದ್ಧದ ನೆರಳು ನಮ್ಮ ಬೀದಿಗೆ ಬೀಳುವುದಿಲ್ಲವೆಂದು ಹೇಳುವಂತಿಲ್ಲ. ೨೦೨೧ರ ಆಗಸ್ಟಿನಲ್ಲಿ ಕಾಬೂಲ್ ನಗರವು ತಾಲಿಬಾನರ ಕೈಸೇರಿದಾಗ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಅಫ್ಘಾನ್ ತರುಣರು ಹಿಂದಿರುಗಲು ಊರಿಲ್ಲದಂತಾಗಿ ಕಳವಳಪಟ್ಟರು. ಅಂಥವರು ಮನೆ ಬಾಡಿಗೆಗೆ ಕೇಳುವುದು ನಮ್ಮಂಥವರನ್ನೇ. ಬಂದವನ ದೇಶವನ್ನು ಕಂಡು ರೋಗವನ್ನು ಊಹಿಸುವುದು ಅನ್ಯಾಯ. ಯಾವ ಜನರಿಗೂ ಈ ರೋಗವು ಹುಟ್ಟಿನಿಂದ ಅಂಟಿಬಂದುದಲ್ಲ. ಬಾಡಿಗೆಗಿರುವವನಾಗಲಿ, ಮನೆಯ ಕೆಲಸದವಳಾಗಲಿ ಪ್ರತಿದಿನ ಮಾತ್ರೆ ನುಂಗುವುದನ್ನು ಕಂಡರೆ, ಯಾತಕ್ಕೆಂದು ಕೇಳಬೇಡಿರಿ. ತಾವಾಗಿ ಹೇಳಿದರೆ ಆ ಮಾತು ನಿಮ್ಮಲ್ಲಿಯೇ ನಿಲ್ಲಲಿ, ನೆರೆಮನೆಗೆ ಹೋಗಬಾರದು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕೆಂದರೆ ಆ ದಿನದ ಸಂಬಳವನ್ನು ಮುರಿಯಬೇಡಿರಿ. ಸಂದೇಹವುಳ್ಳವರು ೧೦೯೭ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಣವಿಲ್ಲದೆ ಸಲಹೆ ದೊರೆಯುವುದು. ಅದನ್ನು ಮನೆಯ ಪಂಚಾಂಗದ ಪಕ್ಕದಲ್ಲಿ ಬರೆದಿಡಬಹುದು.

ತಿಥಿಯನ್ನು ನಿಶ್ಚಯಿಸದೆ ಬರುವವನೇ ಅತಿಥಿಯೆಂದು ನಮ್ಮ ಪೂರ್ವಿಕರು ಆ ಶಬ್ದಕ್ಕೆ ಅರ್ಥ ಹೇಳಿರುವರು. ಯುದ್ಧದಿಂದ ಬಂದವನು ಎಲ್ಲರಿಗಿಂತಲೂ ಮಿಗಿಲಾದ ಅತಿಥಿ; ಅವನು ಬರುವ ದಿನವನ್ನು ಅವನೇ ಅರಿಯನು, ಹೋಗುವ ದಿನವನ್ನಂತೂ ಯಾರೂ ಅರಿಯರು. ಆದರೆ ಅವನ ಮಾತ್ರೆಗೆ ಗಳಿಗೆ ನಿಶ್ಚಯವಾಗಿದೆ. ಅದು ಪ್ರತಿದಿನವೂ ಬರುವುದು. ಉಳಿದುದೇನನ್ನು ನಾವು ಕೊಡಲಾರೆವಾದರೂ, ಆ ಗಳಿಗೆಯಲ್ಲಿ ಅವನು ಒಂದು ಲೋಟ ನೀರಿನೊಡನೆ, ಯಾರಿಗೂ ಹೆದರದೆ, ತನ್ನ ಮದ್ದನ್ನು ನುಂಗುವಂತೆ ಮಾಡುವುದು ನಮ್ಮ ಕೈಯಲ್ಲಿದೆ.